ಅವರೆಕಾಳಿನ ಒಳಗನ್ನು ಕಂಡ ಕಮಲಾ ಸೋಹೋನಿ



ನೀವು ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿದ್ದರೆ, ಅಲ್ಲಿ ಗಿಡದ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳನ್ನು ನೋಡಿಯೇ ಇರುತ್ತೀರಿ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಜೊತೆಗೆ ಕಾಳಿನ ಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು. ಜಾತ್ರೆಗೆ ಬಂದವರು, ಬಾದಾಮಿಯ ಗುಹೆ ನೋಡಲು ಬಂದವರು, ಬಸ್ಸಿಗೆ ಕಾಯುವವರು ಎಲ್ಲರೂ ಅಲ್ಲಿ ಕುಳಿತು ಊಟ ಮಾಡುತ್ತಾರೆ. ಯಾವ ಡಾಕ್ಟರೂ ಬರೆದುಕೊಡದ ಈ ಊಟವನ್ನು ಯಾವ ಆಹಾರತಜ್ಞರ ಮುಂದೆ ಇಟ್ಟರೂ ಅವರು ಅದರಲ್ಲಿ ದೊಡ್ಡ ತಪ್ಪು ಹುಡುಕುವುದು ಕಷ್ಟ. ಅದು ಯಾಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ಆಯುಷ್ಯವನ್ನೇ ಕಳೆದ ಒಬ್ಬ ಮಹಿಳೆಯ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅವರು ನಮ್ಮ ಜಿಲ್ಲೆಯವರಲ್ಲ, ಕನ್ನಡದವರೂ ಅಲ್ಲ. ಆದರೆ ಅವರ ಬದುಕಿನ ದಿಕ್ಕು ತಿರುಗಿದ್ದು ನಮ್ಮ ಬೆಂಗಳೂರಿನಲ್ಲಿ, ಅವರು ಪರೀಕ್ಷಿಸಿದ್ದು ನಾವು ದಿನಾ ತಿನ್ನುವ ಕಾಳನ್ನು. ಅವರೇ ಕಮಲಾ ಸೋಹೋನಿ, ಮದುವೆಗೆ ಮುಂಚಿನ ಹೆಸರು ಕಮಲಾ ಭಾಗವತ್.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಕಲಿತವರು. ಜನ ಆಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಮೊದಮೊದಲ ತಂಡದವರು ಅವರು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು. 1975ರ ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದ ದಿಟ್ಟೆ ಎಂದು ನಮ್ಮ ಕಡೆಯ ಹಿರಿಯರಿಗೂ ಅವರ ಹೆಸರು ಗೊತ್ತು. ಆ ಮನೆಯ ಹೆಣ್ಣುಮಕ್ಕಳಿಗೆ ಹೆದರಿಕೆ ಎಂಬುದು ಅಷ್ಟಾಗಿ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿದರು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದಿದ್ದರು. ತಂದೆ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು. ಅದೇ ವರ್ಷ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು ಇಡೀ ದೇಶ ಹೆಮ್ಮೆಪಡುವಂತೆ ಮಾಡಿದವರು. ಆ ಮಹಾನ್ ವಿಜ್ಞಾನಿಯಿಂದ ಬಂದ ಉತ್ತರವೇನು ಗೊತ್ತೆ? ಅರ್ಜಿ ತಿರಸ್ಕೃತ. ಕಾರಣ ಅಂಕವಲ್ಲ, ಅರ್ಹತೆಯಲ್ಲ. ಅರ್ಜಿದಾರರು ಹೆಣ್ಣು, ಅಷ್ಟೇ. ಹೆಂಗಸರಿಗೆ ಸಂಶೋಧನೆ ಹೇಳಿ ಮಾಡಿಸಿದ್ದಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಮನೆಗಳಲ್ಲಿ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡರೂ ವಿಜ್ಞಾನ ಬೇಡ, ಕಾಲೇಜು ದೂರ, ಓದಿ ಏನು ಮಾಡಬೇಕು ಎಂಬ ಮಾತು ಬರುತ್ತದಲ್ಲವೇ? ಅದನ್ನು ಹೇಳುವವರು ಓದುಬರಹ ಬಾರದವರು ಎಂದು ನಾವು ತಿಳಿದಿರುತ್ತೇವೆ. ನೊಬೆಲ್ ಪಡೆದ ತಲೆಯಲ್ಲೂ ಅದೇ ಮಾತು ಇತ್ತು. ರಾಮನ್ ಅವರ ವಿಜ್ಞಾನಕ್ಕೆ ನಾವು ತಲೆಬಾಗೋಣ, ಆದರೆ ಈ ವಿಷಯದಲ್ಲಿ ಅವರು ತಪ್ಪಿದ್ದರು ಎಂದು ಹೇಳಲು ಅಳುಕಬೇಕಾಗಿಲ್ಲ.

ಕಮಲಾ ಮನೆಯಲ್ಲಿ ಕುಳಿತು ಅಳಲಿಲ್ಲ. ನೇರವಾಗಿ ಬೆಂಗಳೂರಿಗೆ ಬಂದು ರಾಮನ್ ಅವರ ಎದುರು ನಿಂತರು. ಮೊದಲ ದರ್ಜೆಯಲ್ಲಿ ಪಾಸಾದ ತನ್ನನ್ನು ಯಾವ ನಿಯಮದ ಪ್ರಕಾರ ಬಿಟ್ಟಿದ್ದೀರಿ ಎಂದು ಕೇಳಿದರು. ಗಾಂಧೀಜಿಯವರ ವಿಚಾರಗಳನ್ನು ಮೆಚ್ಚಿದ್ದ ಆ ಹುಡುಗಿ, ಸೇರಿಸಿಕೊಳ್ಳುವ ತನಕ ಸತ್ಯಾಗ್ರಹ ಮಾಡುತ್ತೇನೆ ಎಂದು ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ಆಕೆ ಪೂರ್ಣ ವಿದ್ಯಾರ್ಥಿನಿಯಲ್ಲ. ಕೆಲಸ ತೃಪ್ತಿಯಾದರೆ ಮಾತ್ರ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮೂರನೆಯದು ಎಲ್ಲಕ್ಕಿಂತ ಚುಚ್ಚುವಂಥದ್ದು: ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಕಮಲಾ ನುಂಗಿಕೊಂಡು ಒಪ್ಪಿದರು. ಬೇರೆ ದಾರಿ ಇರಲಿಲ್ಲ.

ಅವರ ಭಾಗ್ಯಕ್ಕೆ ಸಿಕ್ಕ ಗುರು ಎಂ. ಶ್ರೀನಿವಾಸಯ್ಯನವರು. ಬಹಳ ಶಿಸ್ತಿನ ಮನುಷ್ಯ, ಸುಲಭಕ್ಕೆ ಒಪ್ಪುವವರಲ್ಲ. ಆದರೆ ಕಲಿಯುವ ಹಂಬಲ ಇದ್ದವರಿಗೆ ತಮ್ಮಲ್ಲಿದ್ದುದನ್ನೆಲ್ಲ ಕೊಡುವವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ ಶುರುಮಾಡಿದರು. ಬಡ ದೇಶದಲ್ಲಿ ಮಾಂಸ, ಮೊಟ್ಟೆ ಎಲ್ಲರಿಗೂ ದಿನಾ ಸಿಗುವುದಿಲ್ಲ. ಬಹುಜನರ ಮೈಗೆ ಮಾಂಸಖಂಡ ಕಟ್ಟುವುದು ಬೇಳೆಕಾಳು. ಹಾಗಾದರೆ ಅದರೊಳಗೆ ಏನಿದೆ, ಎಷ್ಟಿದೆ, ಅದು ನಮ್ಮ ಮೈಗೆ ಹತ್ತುತ್ತದೆಯೇ ಎಂಬುದನ್ನು ತಿಳಿಯುವುದು ಬರೀ ಪದವಿಗಾಗಿ ಮಾಡುವ ಕೆಲಸವಾಗಿರಲಿಲ್ಲ.

ಒಂದು ವರ್ಷ ಕಳೆಯಿತು. ರಾಮನ್ ಅವರಿಗೆ ಆಕೆಯ ಕೆಲಸದಲ್ಲಿ ಕೊರತೆ ಕಾಣಲಿಲ್ಲ. ಮಾನ್ಯತೆ ಸಿಕ್ಕಿತು. ಅದಕ್ಕಿಂತ ದೊಡ್ಡದೆಂದರೆ, ಆಮೇಲೆ ಆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಹವಾಮಾನ ವಿಜ್ಞಾನಿಯಾಗಿ ಹೆಸರು ಮಾಡಿದ ಅಣ್ಣಾ ಮಣಿಯವರು ಮುಂದೆ ರಾಮನ್ ಅವರ ಬಳಿಯೇ ಸಂಶೋಧನೆ ಮಾಡಿದರು. 1936ರಲ್ಲಿ ಕಮಲಾ ತಮ್ಮ ಎಂ.ಎಸ್ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು.

ಮುಂದಿನ ವರ್ಷ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಇದ್ದರು. ಅನ್ನ, ಕೊಬ್ಬು, ಪ್ರೋಟೀನು, ಉಪ್ಪು ಇಷ್ಟೇ ಸಾಲದು, ಆಹಾರದಲ್ಲಿ ಬಹಳ ಸ್ವಲ್ಪ ಪ್ರಮಾಣದ ಬೇರೇನೋ ಇದ್ದರೆ ಮಾತ್ರ ಪ್ರಾಣಿ ಬೆಳೆಯುತ್ತದೆ ಎಂದು ತೋರಿಸಿ 1929ರಲ್ಲಿ ನೊಬೆಲ್ ಪಡೆದವರು ಅವರು. ಆ ‘ಬೇರೇನೋ’ ಎಂಬುದನ್ನೇ ನಾವು ಇಂದು ವಿಟಮಿನ್ ಎನ್ನುತ್ತೇವೆ. ಡೆರೆಕ್ ರಿಕ್ಟರ್, ರಾಬಿನ್ ಹಿಲ್ ಎಂಬ ವಿಜ್ಞಾನಿಗಳ ಬಳಿಯೂ ಕಮಲಾ ದುಡಿದರು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಿದ್ದಾಗ ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ಇರುವುದನ್ನು ಕಂಡುಹಿಡಿದರು. ಒಲೆಯಲ್ಲಿ ಕಟ್ಟಿಗೆ ಉರಿದು ಶಾಖ ಬರುವ ಹಾಗೆ, ಜೀವಕೋಶದೊಳಗೆ ಆಹಾರ ನಿಧಾನವಾಗಿ ‘ಉರಿದು’ ಶಕ್ತಿ ಬಿಡುತ್ತದೆ. ಆ ಕೆಲಸದಲ್ಲಿ ಕೈಯಿಂದ ಕೈಗೆ ಸಾಗಿಸುವ ಆಳಿನಂತೆ ಇರುವುದು ಈ ಸೈಟೋಕ್ರೋಮ್. ನಿಮ್ಮ ಮೈಯಲ್ಲೂ ಅದೇ ಇದೆ, ಹೊಲದ ಗಿಡದಲ್ಲೂ ಅದೇ ಇದೆ.

14 ತಿಂಗಳಲ್ಲಿ ಪ್ರಬಂಧ ಮುಗಿಯಿತು. ಪುಟಗಳು ಸುಮಾರು 40 ಮಾತ್ರ! ಪ್ರಬಂಧವನ್ನು ತೂಕಕ್ಕೆ ಹಾಕುವ ನಮ್ಮ ಇಂದಿನ ಕೆಲವು ಸಂಶೋಧಕರು ಇದನ್ನು ಗಮನಿಸಬೇಕು. 1939ರಲ್ಲಿ ಪಿಎಚ್.ಡಿ. ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಸಾಮಾನ್ಯವಾಗಿ ಹೇಳುತ್ತಾರೆ. (ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು 1931ರಲ್ಲೇ ಅಮೆರಿಕದ ಮಿಶಿಗನ್‌ನಲ್ಲಿ ಡಿ.ಎಸ್ಸಿ. ಪಡೆದಿದ್ದರು ಎಂಬುದನ್ನೂ ನೀವು ನೆನಪಿಟ್ಟುಕೊಳ್ಳಿ. ಕ್ವಿಜ್ ಸ್ಪರ್ಧೆಗಳಲ್ಲಿ ಇದು ಜಗಳಕ್ಕೆ ಕಾರಣವಾಗುತ್ತದೆ.)

ವಿದೇಶದಲ್ಲಿ ಉಳಿಯುವ ಅವಕಾಶವಿದ್ದಾಗಲೂ ಕಮಲಾ ದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅಲ್ಲಿಂದ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕ ಆಹಾರ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ಹೋದರು. ಬೆರಿಬೆರಿ ರೋಗದ ತನಿಖೆಗೆಂದು ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಅಲ್ಲಿ ಆರಂಭಿಸಿದ ಸಣ್ಣ ಕೋಣೆಯ ಕೆಲಸವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಕೂನೂರಿನಲ್ಲಿ ಕಮಲಾ ವಿಟಮಿನ್‌ಗಳ ಪರಿಣಾಮದ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೋಹೋನಿಯವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಹೊಸದಾಗಿ ಆರಂಭವಾದ ಜೀವರಸಾಯನ ವಿಭಾಗಕ್ಕೆ ಪ್ರಾಧ್ಯಾಪಕಿಯಾದರು.

ಅವರ ಜೀವನದ ಅತ್ಯಂತ ಉಪಯುಕ್ತ ಕೆಲಸ ನಡೆದದ್ದು ಇಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ನಿಮ್ಮ ಅಡಿಗೆಮನೆಯ ವಿಷಯ.

ನಾವು ತಿಂದ ಪ್ರೋಟೀನು ಹಾಗೇ ಮೈಗೆ ಸೇರುವುದಿಲ್ಲ. ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಎಂಬ ರಸ ಅದನ್ನು ಕತ್ತರಿಸಿ ಚೂರು ಮಾಡುತ್ತದೆ. ಆ ಚೂರುಗಳು ಇನ್ನೂ ಒಡೆದು ಅಮೈನೋ ಆಮ್ಲಗಳಾದ ಮೇಲೆ ರಕ್ತಕ್ಕೆ ಹೋಗುತ್ತವೆ. ಆದರೆ ಹಸಿ ಕಾಳಿನಲ್ಲಿ ಈ ಟ್ರಿಪ್ಸಿನ್‌ನ ಕೈಕಟ್ಟುವ ವಸ್ತುಗಳಿವೆ. ಕಾಳು ಒಂದು ಬೀಜ. ಹುಳುಹುಪ್ಪಡಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಮಾಡಿಕೊಂಡ ಏರ್ಪಾಡು ಅದು. 1950ರ ದಶಕದಲ್ಲಿ ಕಮಲಾ ಸೋಹೋನಿ ತಮ್ಮ ವಿದ್ಯಾರ್ಥಿಗಳೊಂದಿಗೆ ಭಾರತದ ತರಕಾರಿ, ಬೇಳೆಕಾಳುಗಳಲ್ಲಿ ಈ ವಸ್ತುಗಳನ್ನು ಹುಡುಕಿದರು. ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಅವನ್ನು ಹರಳು ರೂಪದಲ್ಲಿ ಬೇರ್ಪಡಿಸಿದರು. ಆ ವರದಿ 1955ರಲ್ಲಿ ಇಂಗ್ಲೆಂಡಿನ ಹೆಸರಾಂತ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹಿತ್ತಲ ಬೇಲಿಯ ಮೇಲೆ ಹಬ್ಬುವ ಅವರೆ ಆ ಪುಟಗಳಲ್ಲಿ ಕಾಣಿಸಿಕೊಂಡದ್ದು ಸಣ್ಣ ಮಾತೇ? ಅವರೆಯಲ್ಲಿ ರಕ್ತದ ಕೆಂಪುಕಣಗಳನ್ನು ಅಂಟಿಸುವ ಇನ್ನೊಂದು ಬಗೆಯ ಪ್ರೋಟೀನನ್ನೂ ಅವರ ತಂಡ ಮುಂದೆ ಅಭ್ಯಾಸ ಮಾಡಿತು.

ಇದನ್ನು ಓದಿ ಅವರೆಕಾಳು ಬಿಡಬೇಡಿ! ನೀರಿನಲ್ಲಿ ನೆನೆಸಿ ಚೆನ್ನಾಗಿ ಬೇಯಿಸಿದರೆ ಈ ವಸ್ತುಗಳು ಬಹುಪಾಲು ನಾಶವಾಗುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ, ಮೆತ್ತಗಾಗುವ ತನಕ ಬೇಯಿಸಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಕಾರಣ ಇದು. ಆದ್ದರಿಂದ ಅವಸರಕ್ಕೆ ಅರ್ಧ ಬೆಂದ ಕಾಳನ್ನು ಮಕ್ಕಳಿಗೆ ಬಡಿಸಬೇಡಿ. ಹೆಸರು, ಮಡಿಕೆಯಂಥ ಕಾಳನ್ನು ಮೊಳಕೆ ಬರಿಸಿದರೆ ವಿಟಮಿನ್-ಸಿ ಹೆಚ್ಚುತ್ತದೆ. ಅದನ್ನೂ ಒಂದು ಕುದಿ ಕುದಿಸಿ ತಿನ್ನುವುದು ಒಳ್ಳೆಯದು.

ಈಗ ಬನಶಂಕರಿಯ ಬುಟ್ಟಿಗೆ ಬನ್ನಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇರುತ್ತದೆ, ಆದರೆ ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳಿನಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನು, ಲೈಸಿನ್ ಧಾರಾಳ, ಆದರೆ ಮೆಥಿಯೋನಿನ್ ಎಂಬುದು ಕಡಿಮೆ. ಜೋಳದಲ್ಲಿಲ್ಲದ್ದನ್ನು ಕಾಳು ಕೊಡುತ್ತದೆ, ಕಾಳಿನಲ್ಲಿಲ್ಲದ್ದನ್ನು ಜೋಳ ಕೊಡುತ್ತದೆ. ಗೋಡೆ ಕಟ್ಟಲು ಒಬ್ಬರ ಬಳಿ ಕಲ್ಲು, ಇನ್ನೊಬ್ಬರ ಬಳಿ ಗಾರೆ ಇದ್ದಂತೆ. ಶೇಂಗಾ, ಗುರೆಳ್ಳಿನಿಂದ ಕೊಬ್ಬು ಮತ್ತು ಇನ್ನಷ್ಟು ಪ್ರೋಟೀನು, ಮೊಸರಿನಿಂದ ಸುಣ್ಣದಂಶ. ಪುಂಡಿ ಪಲ್ಲೆಯೋ ಮೆಂತ್ಯದ ಪಲ್ಲೆಯೋ ಹಸಿ ಉಳ್ಳಾಗಡ್ಡಿಯೋ ಸೇರಿದರೆ ವಿಟಮಿನ್, ನಾರು, ಕಬ್ಬಿಣ. ಜಾತ್ರೆಯ ಹಿಂದಿನ ದಿನ ಅಲ್ಲಿ 108 ಬಗೆಯ ಪಲ್ಲೆ ಮಾಡಿ ‘ಪಲ್ಲೇದ ಹಬ್ಬ’ ಆಚರಿಸುವ ಊರಿನಲ್ಲಿ ತರಕಾರಿಯ ಬೆಲೆ ಬೇರೆ ಹೇಳಬೇಕೇ?

ಹಾಗೆಂದು ಬರೀ ರೊಟ್ಟಿ, ಖಾರದಪುಡಿ, ಎಣ್ಣೆಯ ಮೇಲೆ ಬದುಕಿದರೆ ಆಗದು. ದಕ್ಖನ್ ಪ್ರದೇಶದಲ್ಲಿ ಹೆಚ್ಚುಕಡಿಮೆ ಜೋಳವನ್ನೇ ನಂಬಿದ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ಚರ್ಮದ ರೋಗ ಬರುತ್ತಿದ್ದುದನ್ನು ಡಾ. ಸಿ. ಗೋಪಾಲನ್ ಅವರ ತಂಡ 1960ರ ಸುಮಾರಿಗೆ ತೋರಿಸಿತು. ರೊಟ್ಟಿಯ ದೋಷ ಅಲ್ಲ ಅದು, ರೊಟ್ಟಿಯ ಪಕ್ಕ ಏನೂ ಇಲ್ಲದಿರುವ ದೋಷ. ಇನ್ನೊಂದು ತುದಿಯಲ್ಲಿ ನಮ್ಮ ಮದುವೆಯ ತಟ್ಟೆ ನೋಡಿ: ಬಿರಿಯಾನಿಯ ಗುಡ್ಡ, ತರಕಾರಿ ಎಂದರೆ ಎರಡು ಹೋಳು ಉಳ್ಳಾಗಡ್ಡಿ, ಮೇಲೆ ತಂಪು ಪಾನೀಯದ ಬಾಟಲಿ. ಮಾಂಸ ಒಳ್ಳೆಯ ಆಹಾರವೇ. ಅದರ ಪ್ರೋಟೀನು, ಕಬ್ಬಿಣ ಎರಡೂ ಮೈಗೆ ಬೇಗ ಹತ್ತುತ್ತವೆ. ಆದರೆ ಉಳಿದ ದಿನಗಳ ಲೆಕ್ಕ ಕಾಳು, ಸೊಪ್ಪು, ಮೊಟ್ಟೆ, ಹಾಲಿನಿಂದಲೇ ತುಂಬಬೇಕು.

ಕಮಲಾ ಅವರಿಗೆ ಹೆಸರು ತಂದ ಇನ್ನೊಂದು ಕೆಲಸ ನೀರಾ ಕುರಿತದ್ದು. ನೀರಾ ಎಂದ ಕೂಡಲೇ ನಿಮಗೆ ಸೇಂದಿ ನೆನಪಾಗಬಹುದು. ಎರಡೂ ಒಂದಲ್ಲ. ತಾಳೆಜಾತಿಯ ಮರದಿಂದ ಇಳಿದ ಸಿಹಿ ರಸವೇ ನೀರಾ. ಅದು ಹುಳಿಯದೆ ಇರುವ ತನಕ ಅದರಲ್ಲಿ ಅಮಲು ಇಲ್ಲ. ಬಿಸಿಲಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿದು ಸೇಂದಿಯಾಗುತ್ತದೆ. ರಾಷ್ಟ್ರಪತಿಯಾಗಿದ್ದ ಡಾ. ರಾಜೇಂದ್ರ ಪ್ರಸಾದ್ ಅವರ ಸೂಚನೆಯ ಮೇಲೆ ಕಮಲಾ ಈ ರಸವನ್ನು ಪರೀಕ್ಷಿಸಿದರು. ಅದರಲ್ಲಿ ವಿಟಮಿನ್‌ಗಳೂ ಕಬ್ಬಿಣವೂ ಇರುವುದನ್ನು, ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಜನರ ಮಕ್ಕಳು ಮತ್ತು ಬಸುರಿಯರಿಗೆ ಕೊಟ್ಟಾಗ ಆರೋಗ್ಯ ಸುಧಾರಿಸುವುದನ್ನು ತೋರಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬಯಿಯ ಆರೆ ಹಾಲಿನ ಯೋಜನೆಗೂ ಅವರು ಗುಣಮಟ್ಟದ ವಿಷಯದಲ್ಲಿ ಸಲಹೆ ಕೊಟ್ಟರು.

ಬಸುರಿಯರ ವಿಷಯ ಬಂದಿತು, ಆದ್ದರಿಂದ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಅರ್ಧ! ನಿಮ್ಮ ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ತಾಯಿ ಏನು ತಿನ್ನುತ್ತಾಳೆ ಎಂದು ಇವತ್ತು ರಾತ್ರಿ ನೋಡಿ. ಪಲ್ಲೆ ಮುಗಿದಿರುತ್ತದೆ, ಮೊಸರಿನ ಪಾತ್ರೆ ತೊಳೆದಿರುತ್ತದೆ, ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದು ಏಳುತ್ತಾಳೆ. ಊಟದ ಬೆನ್ನಿಗೇ ಒಂದು ಕಪ್ಪು ಚಹಾ. ಆ ಚಹಾ ಸೊಪ್ಪುಕಾಳಿನಲ್ಲಿದ್ದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇರಲಿ. ಅದರ ಬದಲು ಪಲ್ಲೆಗೆ ಅರ್ಧ ಲಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣ ಹೆಚ್ಚಾಗಿ ಹೀರಲ್ಪಡುತ್ತದೆ. ಇದಕ್ಕೆ ಹಣ ಬೇಕಿಲ್ಲ. ರಕ್ತ ತೀರಾ ಕಡಿಮೆ ಇದ್ದವರಿಗೆ ಮಾತ್ರ ಊಟವೊಂದೇ ಸಾಲದು, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಗುಳಿಗೆ ತೆಗೆದುಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಕಮಲಾ ಅವರಿಗೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಸುಲಭವಾಗಿ ಸಿಕ್ಕಿತೆಂದು ತಿಳಿಯಬೇಡಿ. ಸಲ್ಲಬೇಕಾದ ಆ ಹುದ್ದೆಗೆ ಅವರು ನಾಲ್ಕು ವರ್ಷ ಕಾಯಬೇಕಾಯಿತು. 1933ರಲ್ಲಿ ಬಾಗಿಲಲ್ಲಿ ನಿಲ್ಲಿಸಿದ ಅದೇ ಮನೋಭಾವ ಕೂದಲು ನರೆಯುವ ಕಾಲಕ್ಕೂ ಅವರ ಬೆನ್ನು ಬಿಟ್ಟಿರಲಿಲ್ಲ. ಕೊನೆಗೆ ನಿರ್ದೇಶಕಿಯಾದರು, ನಿವೃತ್ತರೂ ಆದರು.

ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು; 1982-83ರಲ್ಲಿ ಅದರ ಅಧ್ಯಕ್ಷರಾಗಿದ್ದರು. ಆಹಾರದ ಕಲಬೆರಕೆ, ಗ್ರಾಹಕರ ಸುರಕ್ಷತೆ ಕುರಿತು ಸಂಘದ ‘ಕೀಮತ್’ ಪತ್ರಿಕೆಗೆ ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರು. ಅರಿಶಿನ, ಖಾರದ ಪುಡಿಗೆ ಬಣ್ಣ ಬೆರೆಸುವವರು, ಹಾಲಿಗೆ ನೀರು ಸುರಿಯುವವರು ಎಲ್ಲ ಕಾಲಕ್ಕೂ ಇದ್ದಾರೆ. ಕೇಂಬ್ರಿಜ್‌ನಲ್ಲಿ ಓದಿದ ವಿಜ್ಞಾನಿ ಕಿರಾಣಿ ಅಂಗಡಿಯ ಮಾತಿಗೂ ಸಮಯ ಕೊಟ್ಟರು ಎಂಬುದು ನನಗೆ ಸೈಟೋಕ್ರೋಮ್‌ನಷ್ಟೇ ದೊಡ್ಡದಾಗಿ ಕಾಣುತ್ತದೆ.

ಇಳಿವಯಸ್ಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನಿಸಿತು. ಆಗ ಆ ಮಂಡಳಿಯ ಮುಖ್ಯಸ್ಥೆಯಾಗಿದ್ದವರು ಡಾ. ಜಿ.ವಿ. ಸತ್ಯವತಿ, ಆ ಹುದ್ದೆಗೆ ಬಂದ ಮೊದಲ ಮಹಿಳೆ. 1998ರಲ್ಲಿ ಕಮಲಾ ಸೋಹೋನಿ ತೀರಿಕೊಂಡರು. 2023ರ ಜೂನ್ 18ರಂದು ಅವರ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ, ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಆ ಹೆಸರನ್ನು ಮೊದಲ ಬಾರಿ ಕೇಳಿದ್ದರು.

ತೀರಿಕೊಳ್ಳುವ ಮುಂಚಿನ ವರ್ಷ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದವರು ಅವರನ್ನು ಕರೆದು ಗೌರವಿಸಿದ್ದರು. ಆ ಸಭೆಯಲ್ಲಿ ಅವರು ಹೇಳಿಕೊಂಡದ್ದು ಪ್ರಶಸ್ತಿಗಳ ಬಗ್ಗೆ ಅಲ್ಲ. ಬೆಂಗಳೂರಿನ ಆ ಷರತ್ತುಗಳು ತಮಗೆ ದೊಡ್ಡ ಅವಮಾನವಾಗಿದ್ದವು, ಅದನ್ನು ತಾವು ಎಂದೂ ಮರೆಯಲಿಲ್ಲ ಎಂದರು. ಷರತ್ತು ಹಾಕಿದ ದಿನದಿಂದ ಆ ಹೊತ್ತಿಗೆ 64 ವರ್ಷ ಕಳೆದಿತ್ತು.